ನೃತ್ಯ ವಿದ್ಯಾರ್ಥಿಗಳೇ, ಶುಲ್ಕ ಮತ್ತು ಖರ್ಚಿಗೆ ಹಣ ಹೊಂದಿಸುವುದು ಹೀಗೆ

ಪೂರ್ಣಾವಧಿ ನೃತ್ಯ ಕೋರ್ಸ್ ಸೇರುವವರ ಲೆಕ್ಕ ಬೋಧನಾ ಶುಲ್ಕದಲ್ಲಿ ತಪ್ಪುವುದು ಕಡಿಮೆ. ತಪ್ಪುವುದು ಶುಲ್ಕದ ಆಚೆಗಿನ ಖರ್ಚಿನಲ್ಲಿ, ಹಣ ಕೈಸೇರುವ ಹೊತ್ತಿನಲ್ಲಿ. ಹಾಗಾಗಿ ವರ್ಷದ ಒಟ್ಟು ಮೊತ್ತ ಸಾಲದು, ತಿಂಗಳುವಾರು ಲೆಕ್ಕ ಬೇಕು.

ಹಂತ 1: ಹಾಳೆಯಲ್ಲಿ 12 ಕಾಲಂ ಎಳೆಯಿರಿ

ಶುಲ್ಕ, ಬಾಡಿಗೆ, ಊಟ, ಓಡಾಟ ಎಲ್ಲರೂ ಬರೆಯುತ್ತಾರೆ. ತರಗತಿ ಇಲ್ಲದ ರಜೆಯಲ್ಲೂ ಬಾಡಿಗೆ ಕಟ್ಟಬೇಕಾಗಬಹುದು ಎಂಬುದನ್ನು ಹಲವರು ಮರೆಯುತ್ತಾರೆ. ಅದರ ಕೆಳಗೆ ನೃತ್ಯದ್ದೇ ಖರ್ಚು ಬರೆಯಿರಿ: ಅಭ್ಯಾಸದ ಉಡುಪು, ವೇಷಭೂಷಣ, ಮೇಕಪ್, ಫಿಸಿಯೋಥೆರಪಿ, ಆಡಿಷನ್ ಶುಲ್ಕ ಮತ್ತು ಪ್ರಯಾಣ. ಕೊನೆಯ ವರ್ಷದಲ್ಲಿ ಆಡಿಷನ್ ಖರ್ಚು ಒಮ್ಮೆಲೇ ಏರುತ್ತದೆ.

ಬ್ಯಾಲೆ ಕಲಿಯುವವರಿಗೆ ಪಾಯಿಂಟ್ ಶೂ (ಕಾಲ್ಬೆರಳ ತುದಿಯ ಮೇಲೆ ನಿಂತು ಕುಣಿಯಲು ಹಾಕುವ ಶೂ) ದೊಡ್ಡ ಬಾಬ್ತು. ಒಂದು ಜೋಡಿ 12 ಗಂಟೆ ಬಾಳುತ್ತದೆ, ವಾರಕ್ಕೆ 6 ಗಂಟೆ ಬಳಕೆ ಎಂದಿಟ್ಟುಕೊಳ್ಳಿ: ಎರಡು ವಾರಕ್ಕೊಂದು ಜೋಡಿ, 40 ವಾರಕ್ಕೆ 20 ಜೋಡಿ. ಬೆರಳು ಹಿಡಿಯುವ ಮುಂಭಾಗ ಬಟ್ಟೆ ಮತ್ತು ಅಂಟಿನ ಪದರಗಳಿಂದ ಆದದ್ದು. ಬೆವರು ಕುಡಿದು ಮೆತ್ತಗಾಗುತ್ತದೆ. ಎರಡು ಜೋಡಿ ಇಟ್ಟುಕೊಂಡು ಸರದಿಯಲ್ಲಿ ಹಾಕಿ, ಒಂದೊಂದನ್ನೂ ಕನಿಷ್ಠ ಒಂದು ದಿನ ಗಾಳಿಗೆ ಒಣಗಿಸಿದರೆ ಹೆಚ್ಚು ಬಾಳುತ್ತವೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಣಗುವುದಿಲ್ಲ. ಹಾಗೆಂದು ಮೆತ್ತಗಾಗಿ ಸತ್ತುಹೋದ ಶೂನಲ್ಲಿ ಕುಣಿಯಬೇಡಿ: ಆಧಾರ ತಪ್ಪಿದ ಪಾದಕ್ಕೆ ಪೆಟ್ಟಾದರೆ ಚಿಕಿತ್ಸೆಯ ಖರ್ಚು ಶೂ ಬೆಲೆಯನ್ನು ಮೀರುತ್ತದೆ.

ಹಂತ 2: ವಿದ್ಯಾರ್ಥಿವೇತನ ಒಪ್ಪುವ ಮುನ್ನ ಕೇಳಿ

ಎಷ್ಟು ವರ್ಷಕ್ಕೆ? ಹಾಜರಾತಿ, ಅಂಕಗಳ ಷರತ್ತೇನು? ಗಾಯವಾಗಿ ತಿಂಗಳುಗಟ್ಟಲೆ ಕುಣಿಯಲಾಗದಿದ್ದರೆ ಮುಂದುವರಿಯುತ್ತದೆಯೇ? ಶುಲ್ಕದಲ್ಲೇ ಕಳೆಯುತ್ತಾರೋ, ಖಾತೆಗೆ ಹಾಕುತ್ತಾರೋ, ಯಾವಾಗ? ಉತ್ತರ ಬರವಣಿಗೆಯಲ್ಲಿ ಇರಲಿ. ಶುಲ್ಕದ ಗಡುವು ಮುಗಿದ ಮೇಲೆ ಹಣ ಬರುವುದೂ ಉಂಟು.

ಹಾಗೇನಾದರೂ ಇದ್ದರೆ ಗಡುವಿಗೆ ಮೊದಲೇ ಶುಲ್ಕ ವಿಭಾಗಕ್ಕೆ ಹೋಗಿ ಕಂತು ಕೇಳಿ. ಇಂಥ ದಿನ ಇಷ್ಟು ಕಟ್ಟುತ್ತೇನೆ ಎಂದು ಬರೆದುಕೊಂಡೇ ಹೋಗಿ. ಗಡುವು ದಾಟಿದ ಮೇಲೆ ದಂಡ ಬೀಳಬಹುದು, ನೋಂದಣಿ ತಡೆಹಿಡಿಯಬಹುದು.

ಹಂತ 3: ದೇಹಕ್ಕೆ ಹೊಂದುವ ಕೆಲಸ ಹುಡುಕಿ

ಬೆಳಿಗ್ಗೆ ತರಗತಿ, ಸಂಜೆ ರಿಹರ್ಸಲ್. ನಡುವೆ ನಿಂತೇ ಮಾಡುವ ಆರು ಗಂಟೆಯ ಕೆಲಸ ಹಿಡಿದರೆ ಕಾಲಿಗೆ ಚೇತರಿಕೆ ಸಿಗದು. ಸ್ಟುಡಿಯೋ ಸ್ವಾಗತ ಕೌಂಟರ್, ರಂಗಮಂದಿರದ ಟಿಕೆಟ್ ಕೆಲಸ, ವಾರಾಂತ್ಯದ ಮಕ್ಕಳ ತರಗತಿ ವಾಸಿ. ಮಕ್ಕಳಿಗೆ ಪ್ರತಿ ಜಿಗಿತವನ್ನೂ ಮಾಡಿ ತೋರಿಸುತ್ತಾ ಹೋದರೆ ಅದೂ ದೇಹಕ್ಕೆ ಹೊರೆಯೇ. ಒಮ್ಮೆ ತೋರಿಸಿ, ಉಳಿದದ್ದನ್ನು ಬಾಯಲ್ಲಿ ಹೇಳಿ. ಕೆಲಸಕ್ಕೆ ಬದಲಾಗಿ ಉಚಿತ ತರಗತಿ ಕೊಡುವ ಕಡೆ, ಎಷ್ಟು ಗಂಟೆಗೆ ಎಷ್ಟು ತರಗತಿ ಎಂಬುದನ್ನು ಬರೆಸಿಕೊಳ್ಳಿ. ವಿದೇಶದಲ್ಲಿ ಓದುವವರು ವೀಸಾ ಅನುಮತಿಸುವ ದುಡಿಮೆಯ ಗಂಟೆ ಮೀರಬಾರದು.

ಹಂತ 4: ಗಾಯದ ನಿಧಿ

ಮೂಳೆಯ ಒತ್ತಡದ ಬಿರುಕು (ಮತ್ತೆ ಮತ್ತೆ ಭಾರ ಬಿದ್ದು ಆಗುವ ಸಣ್ಣ ಬಿರುಕು) ಕೂಡಲು ಸಾಮಾನ್ಯವಾಗಿ 6ರಿಂದ 8 ವಾರ ಬೇಕು. ಆಗ ಪಾಠ ಹೇಳಿ ಗಳಿಸುವ ಹಣವೂ ನಿಲ್ಲುತ್ತದೆ. ಎರಡು ತಿಂಗಳ ಬಾಡಿಗೆ, ಊಟದಷ್ಟು ಹಣ ಬೇರೆ ಖಾತೆಯಲ್ಲಿರಲಿ. ವಿಮೆ ಮಾಡಿಸುವಾಗ ನೃತ್ಯದಲ್ಲಿ ಆಗುವ ಗಾಯಕ್ಕೆ, ಫಿಸಿಯೋಥೆರಪಿಗೆ ಅನ್ವಯಿಸುತ್ತದೆಯೇ ಎಂದು ಓದಿ ನೋಡಿ.

ಹಣ ಸಾಲದಿದ್ದಾಗ ಊಟಕ್ಕೆ ಕತ್ತರಿ ಹಾಕುವುದು ದಯವಿಟ್ಟು ಬೇಡ. ಕುಣಿತಕ್ಕೆ ತಕ್ಕ ಆಹಾರ ಸಿಗದಿದ್ದರೆ ಮುಟ್ಟು ತಪ್ಪಬಹುದು, ಮೂಳೆ ಸವೆಯಬಹುದು, ಆಗ ಬಿರುಕಿನ ಅಪಾಯವೇ ಹೆಚ್ಚುತ್ತದೆ. ಮನೆ ಹಂಚಿಕೊಳ್ಳಿ, ವೇಷ ಬಾಡಿಗೆಗೆ ತನ್ನಿ, ಹಿರಿಯ ವಿದ್ಯಾರ್ಥಿಗಳಿಂದ ಹಳೆಯ ಉಡುಪು ಕೊಳ್ಳಿ.

ಸಾಲ ಕೊನೆಗೆ. ಓದುವಾಗ ಕಂತು ಕಟ್ಟಬೇಕಿಲ್ಲದಿದ್ದರೂ ಬಡ್ಡಿ ಬೆಳೆಯುತ್ತಿರಬಹುದು. ಮೊದಲು ಅದನ್ನು ವಿಚಾರಿಸಿ. ಇಡೀ ಮೊತ್ತವನ್ನು ಒಟ್ಟಿಗೆ ಎತ್ತದೆ ಅವಧಿಗೊಮ್ಮೆ ಪಡೆಯಿರಿ. ನರ್ತಕರ ಆರಂಭದ ಗಳಿಕೆ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ, ಆದ್ದರಿಂದ ತೀರಾ ಕಡಿಮೆ ಗಳಿಸುವ ತಿಂಗಳಲ್ಲೂ ಕಟ್ಟಲಾಗುವಷ್ಟೇ ಕಂತು ಒಪ್ಪಿಕೊಳ್ಳಿ.