ಸ್ಕ್ರಬ್ ಮಾಡುವ ಮೊದಲು ಅರ್ಧ ಗಂಟೆ ಸುಮ್ನೆ ಕೂರಿಸುತ್ತೇನೆ

ಪಾರ್ಲರ್‌ಗೆ ಬಂದವರು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳುವ ಮಾತು ಒಂದಿದೆ. "ಅಕ್ಕಾ, ಡೆಡ್ ಸ್ಕಿನ್ ಜಾಸ್ತಿ ಆಗಿದೆ, ಚೆನ್ನಾಗಿ ಸ್ಕ್ರಬ್ ಮಾಡ್ಬಿಡಿ." ನಾನು ಮುಖ ತೊಳೆಸಿ, ಟವೆಲ್‌ನಿಂದ ಒತ್ತಿ ಒರೆಸಿ, ಏನೂ ಹಚ್ಚದೆ ಅರ್ಧ ಗಂಟೆ ಕೂರಿಸುತ್ತೇನೆ. ಕೆಲವರು ಫೋನ್ ನೋಡುತ್ತಾರೆ, ಕೆಲವರು ಗಡಿಯಾರ ನೋಡುತ್ತಾರೆ. ಒಬ್ಬರಂತೂ "ಇದಕ್ಕೂ ದುಡ್ಡು ತಗೋತೀರಾ?" ಅಂತ ಕೇಳಿದ್ದರು.

ಆಮೇಲೆ ಟಿಶ್ಯೂ ಪೇಪರನ್ನು ಹಣೆ, ಮೂಗು, ಕೆನ್ನೆ, ಗಲ್ಲದ ಮೇಲೆ ಒಂದೊಂದಾಗಿ ಒತ್ತಿ ಬೆಳಕಿಗೆ ಹಿಡಿಯುತ್ತೇನೆ. ಎಲ್ಲಿ ಎಣ್ಣೆ ಇದೆಯೋ ಅಲ್ಲಿ ಕಾಗದ ಪಾರದರ್ಶಕವಾಗುತ್ತದೆ. ಇಷ್ಟನ್ನು ಎಲ್ಲ ಕೋರ್ಸಿನಲ್ಲೂ ಕಲಿಸುತ್ತಾರೆ. ನಾನು ಸೇರಿಸಿಕೊಂಡದ್ದು ಇನ್ನೊಂದು: "ಸ್ವಲ್ಪ ಜೋರಾಗಿ ನಗಿ." ನಕ್ಕಾಗ ಕೆನ್ನೆ ಬಿಗಿದು ಎಳೆದಂತಾದರೆ, ಬಾಯಿಯ ಪಕ್ಕ ಸಣ್ಣ ಸಣ್ಣ ಗೆರೆ ಕಾಗದ ಮಡಚಿದ ಹಾಗೆ ಕಂಡರೆ, ಹಣೆಯಲ್ಲಿ ಎಷ್ಟೇ ಎಣ್ಣೆ ಇರಲಿ, ಆ ದಿನ ಸ್ಕ್ರಬ್ ಇಲ್ಲ.

ಈ ನಗುವಿನ ಪರೀಕ್ಷೆ ನನ್ನ ಮುಖದಿಂದಲೇ ಬಂದದ್ದು.

ನಾನು ಹುಟ್ಟಿ ಬೆಳೆದದ್ದು ಮಂಗಳೂರಲ್ಲಿ. ಅಲ್ಲಿ ವರ್ಷದ ಹೆಚ್ಚಿನ ದಿನ ಬೆವರು, ಸೆಕೆ, ಮುಖ ತೊಳೆದ ಹತ್ತು ನಿಮಿಷಕ್ಕೆ ಮೂಗು ಹೊಳೆಯುತ್ತಿತ್ತು. ಬ್ಲ್ಯಾಕ್‌ಹೆಡ್ ಕಾಟ ಬೇರೆ. ಸತ್ತ ಚರ್ಮದ ಪದರ ಸಡಿಲಿಸುವ 2% ಸ್ಯಾಲಿಸಿಲಿಕ್ ಆ್ಯಸಿಡ್ ಸೀರಮ್ ರಾತ್ರಿ ರಾತ್ರಿ ಹಚ್ಚುತ್ತಿದ್ದೆ, ಮುಖ ತಡೆದುಕೊಳ್ಳುತ್ತಿತ್ತು. ಮದುವೆಯಾಗಿ ದಾವಣಗೆರೆಗೆ ಬಂದೆ. ಬಾಟಲಿಯೂ ಜೊತೆಗೆ ಬಂತು. ಡಿಸೆಂಬರ್ ಕಳೆದು ಜನವರಿ ಬರುವಷ್ಟರಲ್ಲಿ ಮೂಗಿನ ಪಕ್ಕ, ಗಲ್ಲದ ಮೇಲೆ ಬಿಳಿ ಬಿಳಿಯಾಗಿ ಸಿಪ್ಪೆ ಏಳತೊಡಗಿತು. ಹಣೆ ಮಾತ್ರ ಹೊಳೆಯುತ್ತಲೇ ಇತ್ತು. ನಾನು ಏನು ಅಂದುಕೊಂಡೆ ಗೊತ್ತಾ? ಡೆಡ್ ಸ್ಕಿನ್ ಜಾಸ್ತಿ ಆಗಿದೆ ಅಂತ. ಸೀರಮ್ ಸಾಲದು ಅಂತ ವಾರಕ್ಕೆ ಎರಡು ಸಲ ಸ್ಕ್ರಬ್ ಕೂಡ ಶುರು ಮಾಡಿದೆ. ಬ್ಯೂಟಿಷಿಯನ್ ಆಗಿ ಅಷ್ಟು ಹೊತ್ತಿಗೆ ನಾಲ್ಕು ವರ್ಷವಾಗಿತ್ತು, ಹೇಳಿಕೊಳ್ಳಲು ನಾಚಿಕೆ.

ಅತ್ತೆ ಒಂದು ದಿನ ಹತ್ತಿರ ಬಂದು ನೋಡಿದರು. "ಮುಖ ಯಾಕವ್ವಾ ಹಿಂಗಾಗೈತೆ? ಪಾತ್ರೆ ತಿಕ್ಕಿದಂಗೆ ತಿಕ್ಕಿದ್ರೆ ಇನ್ನೇನಾಗ್ತೈತೆ?"

ಆ ರಾತ್ರಿ ಬರೀ ಮಾಯಿಶ್ಚರೈಸರ್ ಹಚ್ಚಿದರೂ ಉರಿಯಿತು. ಆಗ ತಲೆಗೆ ಹೋಯಿತು. ನನ್ನ ಚರ್ಮದಲ್ಲಿ ಎಣ್ಣೆ ಇತ್ತು, ನೀರಿನಂಶ ಇರಲಿಲ್ಲ. ಇವೆರಡೂ ಬೇರೆ ಬೇರೆ. ಟಿಶ್ಯೂ ಎಣ್ಣೆಯನ್ನು ತೋರಿಸುತ್ತದೆ, ನಗು ನೀರಿನಂಶದ ಕೊರತೆಯನ್ನು. ಕರಾವಳಿಯ ತೇವದ ಗಾಳಿ ಮುಚ್ಚಿಟ್ಟಿದ್ದ ತಪ್ಪನ್ನು ಇಲ್ಲಿಯ ಒಣಗಾಳಿ ಬಯಲು ಮಾಡಿತ್ತು. ಎದ್ದಿದ್ದ ಸಿಪ್ಪೆ ತೆಗೆಯಬೇಕಾದ ಕೊಳೆಯಲ್ಲ, ಗಾಯ. ನಾನು ಗಾಯದ ಮೇಲೆ ಉಜ್ಜುತ್ತಿದ್ದೆ.

ಎಲ್ಲ ನಿಲ್ಲಿಸಿದೆ. ನೊರೆ ಕಡಿಮೆ ಇರುವ ಫೇಸ್‌ವಾಶ್, ಗ್ಲಿಸರಿನ್ ಮತ್ತು ಸೆರಮೈಡ್ (ಚರ್ಮದಲ್ಲೇ ಇರುವ ಒಂದು ಕೊಬ್ಬಿನಂಶ) ಇರುವ ವಾಸನೆಯಿಲ್ಲದ ಕ್ರೀಮ್, ಬೆಳಿಗ್ಗೆ ಸನ್‌ಸ್ಕ್ರೀನ್. ಅಷ್ಟೇ. ಹರೆಯದವರಲ್ಲಿ ಚರ್ಮದ ಹೊಸ ಕೋಶ ಅಡಿಯಿಂದ ಮೇಲೆ ಬಂದು ಉದುರಲು ಸುಮಾರು 28 ದಿನ ಬೇಕು, ವಯಸ್ಸಾದಂತೆ ಇನ್ನೂ ಜಾಸ್ತಿ. ಅದನ್ನೇ ಲೆಕ್ಕ ಹಿಡಿದು ಒಂದು ತಿಂಗಳು ಕಾದೆ. ಮೊದಲ ವಾರ ಕೈ ಕಟ್ಟಿಕೊಂಡು ಕೂತ ಹಾಗೆ ಅನಿಸಿತು. ಮೂರನೇ ವಾರ ಉರಿ ಹೋಯಿತು. ಆಮೇಲೆ ಸ್ಯಾಲಿಸಿಲಿಕ್‌ಗೆ ಮರಳಿದೆ, ವಾರಕ್ಕೆ ಒಂದೇ ರಾತ್ರಿ, ಅದೂ ಮೂಗು ಮತ್ತು ಹಣೆಗೆ ಮಾತ್ರ. ಮುಖ ಒಂದೇ ಆದರೂ ಚರ್ಮ ಎಲ್ಲ ಕಡೆ ಒಂದೇ ತರ ಇರಬೇಕು ಅಂತ ಏನಿಲ್ಲ ಅಲ್ವಾ?

ಇದಕ್ಕಿಂತ ದೊಡ್ಡ ತಪ್ಪು ಇನ್ನೊಬ್ಬರ ಮುಖದ ಮೇಲೆ ಮಾಡಿದ್ದೆ. ಕೆಲಸ ಕಲಿಯುತ್ತಿದ್ದ ದಿನಗಳು. ಮದುವೆಗೆ ಐದು ದಿನ ಇರುವಾಗ ಒಬ್ಬ ಹುಡುಗಿ ಬಂದಳು. ಎರಡೂ ಕೆನ್ನೆಯಲ್ಲಿ ಮೊಡವೆ. ಅಕ್ರೋಟಿನ ಸಿಪ್ಪೆ ಪುಡಿ ಹಾಕಿದ ಸ್ಕ್ರಬ್‌ನಲ್ಲಿ ಹತ್ತು ನಿಮಿಷ ಉಜ್ಜಿದೆ. ಆ ಪುಡಿಯ ಚೂರುಗಳ ಅಂಚು ಒರಟು, ಮೊಡವೆಯ ತಲೆ ಕಿತ್ತುಹೋಯಿತು. ಮದುವೆ ದಿನ ಮೇಕಪ್ ಅಡಿಯಲ್ಲಿ ಕೆಂಪು ಮುಚ್ಚಿತು, ನಿಜ. ಆದರೆ ನಮ್ಮ ಕಂದು ಚರ್ಮ ಕೆರಳಿದರೆ ಕೆಂಪು ಹೋದ ಮೇಲೂ ಕಪ್ಪು ಕಲೆ ಉಳಿಸುತ್ತದೆ. ಅವಳ ಕೆನ್ನೆಯ ಕಲೆ ಆರು ತಿಂಗಳಾದರೂ ಪೂರ್ತಿ ಹೋಗಿರಲಿಲ್ಲ. ಅವಳು ಬೈಯಲಿಲ್ಲ, ಮತ್ತೆ ಬರಲೂ ಇಲ್ಲ.

ಅವತ್ತಿನಿಂದ ಮೊಡವೆ ಇರುವ ಮುಖಕ್ಕೆ ಕಾಳು ಕಾಳಿನ ಸ್ಕ್ರಬ್ ಮುಟ್ಟಿಲ್ಲ. ಎಣ್ಣೆ ಚರ್ಮ, ಬ್ಲ್ಯಾಕ್‌ಹೆಡ್ ಇದ್ದರೆ ಸ್ಯಾಲಿಸಿಲಿಕ್. ಅದು ಎಣ್ಣೆಯಲ್ಲಿ ಕರಗುತ್ತದೆ, ಆದ್ದರಿಂದ ಎಣ್ಣೆ ತುಂಬಿದ ರಂಧ್ರದೊಳಗೆ ಇಳಿಯುತ್ತದೆ. ಸ್ಕ್ರಬ್ ಬ್ಲ್ಯಾಕ್‌ಹೆಡ್‌ನ ತಲೆ ಮಾತ್ರ ಸವರುತ್ತದೆ, ಬುಡ ಅಲ್ಲೇ ಇರುತ್ತದೆ. ಆಸ್ಪಿರಿನ್ ಮಾತ್ರೆ ಆಗದವರಿಗೆ ಮಾತ್ರ ಇದು ಬೇಡ ಅನ್ನುತ್ತೇನೆ, ಎರಡೂ ಒಂದೇ ಕುಲದವು.

ಒಣ ಚರ್ಮಕ್ಕೆ ನನ್ನ ಆಯ್ಕೆ ಲ್ಯಾಕ್ಟಿಕ್ ಆ್ಯಸಿಡ್, 5%ರಿಂದ ಶುರು. ಸತ್ತ ಪದರ ಸಡಿಲಿಸುವುದರ ಜೊತೆಗೆ ನೀರಿನಂಶವನ್ನೂ ಹಿಡಿದಿಡುತ್ತದೆ. ಮೊಡವೆಯ ಕಪ್ಪು ಕಲೆ ಉಳಿದವರಿಗೆ ಮ್ಯಾಂಡೆಲಿಕ್ ಆ್ಯಸಿಡ್. ಇದರ ಕಣ ದೊಡ್ಡದು, ಒಳಗೆ ನಿಧಾನವಾಗಿ ಹೋಗುತ್ತದೆ, ಕೆರಳಿಸುವುದು ಕಡಿಮೆ. ಎಲ್ಲರೂ ಹೆಸರು ಹೇಳಿ ಕೇಳುವುದು ಗ್ಲೈಕಾಲಿಕ್. ಕಬ್ಬಿನಲ್ಲಿರುವ ಆಮ್ಲ ಅಂದ ಕೂಡಲೇ ಸಾಧು ಅಂದುಕೊಳ್ಳುತ್ತಾರೆ. ಈ ಗುಂಪಿನಲ್ಲೇ ಅತಿ ಸಣ್ಣ ಕಣ ಅದರದ್ದು, ಬೇಗ ಒಳಗೆ ನುಗ್ಗುತ್ತದೆ. ಮೊದಲ ಸಲದವರಿಗೆ ನಾನು ಕೊಡುವುದಿಲ್ಲ. ಏನು ಹಚ್ಚಿದರೂ ಕೆಂಪಾಗುವ ಸೂಕ್ಷ್ಮ ಚರ್ಮದವರಿಗೆ ಗ್ಲುಕೋನೋಲ್ಯಾಕ್ಟೋನ್ ಅಂತ ಒಂದು ಮೆದುವಾದದ್ದಿದೆ. ಅದೂ ಆಗದಿದ್ದರೆ ಬಿಟ್ಟುಬಿಡುವುದೇ ವಾಸಿ. ಎಕ್ಸ್‌ಫೋಲಿಯೇಷನ್, ಅಂದರೆ ಸತ್ತ ಪದರ ತೆಗೆಯುವುದು, ಮಾಡದೆ ಯಾರ ಮುಖವೂ ಹಾಳಾಗಿಲ್ಲ. ಮಾಡಿ ಹಾಳಾದದ್ದು ವಾರಕ್ಕೊಂದು ನೋಡುತ್ತೇನೆ.

ಅಡುಗೆಮನೆಯ ವಿಷಯಕ್ಕೆ ಬರುತ್ತೇನೆ. ಕಾಲೇಜು ಹುಡುಗಿಯೊಬ್ಬಳು ಅರ್ಧ ಹೋಳು ನಿಂಬೆಹಣ್ಣಿಗೆ ಸಕ್ಕರೆ ಅದ್ದಿ ಮುಖಕ್ಕೆ ಉಜ್ಜಿ, ಸ್ಕೂಟಿಯಲ್ಲಿ ಬಿಸಿಲಿಗೆ ಹೋಗಿದ್ದಳು. ಕೆನ್ನೆಯ ಮೇಲೆ ರಸ ಇಳಿದ ದಾರಿಯಲ್ಲೇ ಕಂದು ಗೆರೆ. ಹುಳಿ ಅಳೆಯುವ ಅಂಕಿ ಪಿಎಚ್, ಅದು ಕಡಿಮೆಯಾದಷ್ಟೂ ಹುಳಿ ಜಾಸ್ತಿ. ನಿಂಬೆರಸದ ಪಿಎಚ್ ಎರಡರ ಆಸುಪಾಸು, ಚರ್ಮದ್ದು ಐದರ ಆಸುಪಾಸು. ಮೂರೇ ಅಂಕಿ ವ್ಯತ್ಯಾಸ ಅನಿಸುತ್ತದೆ, ಆದರೆ ಹುಳಿಯ ಲೆಕ್ಕದಲ್ಲಿ ಸುಮಾರು ಸಾವಿರ ಪಟ್ಟು. ಅದರ ಮೇಲೆ ನಿಂಬೆಯಲ್ಲಿರುವ ಕೆಲವು ಅಂಶ ಬಿಸಿಲು ಬಿದ್ದರೆ ಚರ್ಮವನ್ನು ಸುಡುತ್ತವೆ.

ಹಾಗಂತ ಅಡುಗೆಮನೆಯನ್ನೇ ಬೈಯುವವಳಲ್ಲ ನಾನು. ಅತ್ತೆ ಮಾಡುವುದು ನೋಡಿ ಕಲಿತದ್ದಿದೆ. ಹೆಸರುಕಾಳನ್ನು ನುಣ್ಣಗೆ ಪುಡಿ ಮಾಡಿ, ತೆಳು ಹತ್ತಿ ಬಟ್ಟೆಯಲ್ಲಿ ಎರಡು ಸಲ ಸೋಸುತ್ತಾರೆ. ಮೊದಲು ಕೊಬ್ಬರಿ ಎಣ್ಣೆ ಸವರಿ, ಅರ್ಧ ಗಂಟೆ ಬಿಟ್ಟು, ಹಾಲಲ್ಲಿ ಕಲಸಿದ ಹಿಟ್ಟು ಹಚ್ಚಿ ತೊಳೆಯುತ್ತಾರೆ. ಎಣ್ಣೆ ಮೊದಲು ಇರುವುದರಿಂದ ತಿಕ್ಕಾಟ ಕಡಿಮೆ, ಹಿಟ್ಟು ಎಣ್ಣೆಯನ್ನೇ ಹೀರಿಕೊಂಡು ಬರುತ್ತದೆ. ಅವರ ಒಣ, ತೆಳು ಚರ್ಮಕ್ಕೆ ಇದೇ ಸರಿ. ಯಾವ ಪುಡಿಯೇ ಆಗಲಿ, ಒದ್ದೆ ಮಾಡಿ ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿ. ಕಾಳು ಕೈಗೆ ಸಿಕ್ಕಿದರೆ ಅದು ಹಿಮ್ಮಡಿಗೆ, ಮೊಣಕೈಗೆ. ಮುಖಕ್ಕಲ್ಲ.

ತೋಳಿನ ಮೇಲೆ ಸಣ್ಣ ಗುಳ್ಳೆ ಎದ್ದು ಕೋಳಿ ಚರ್ಮದ ಹಾಗಿರುವವರು ನಾರು ಹಿಡಿದು ಗಸಗಸ ಉಜ್ಜುತ್ತಾರೆ. ಅದು ಕೊಳೆಯಲ್ಲ, ಕೂದಲಿನ ಬುಡದಲ್ಲಿ ಕೂತ ಬಿರಟೆ. ಯೂರಿಯಾ ಅಥವಾ ಲ್ಯಾಕ್ಟಿಕ್ ಇರುವ ಲೋಷನ್ ಒಂದೆರಡು ತಿಂಗಳು ಹಚ್ಚಿದರೆ ಮೆತ್ತಗಾಗುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ.

ಬಂಗು ಇರುವವರು ಬಂದರೆ ನಾನು ಕೈ ಹಾಕುವುದಿಲ್ಲ. ಉಜ್ಜಿದರೆ ಬಂಗು ಏಳುವುದಿಲ್ಲ, ಇನ್ನೂ ಕಪ್ಪಾಗಬಹುದು. ಚರ್ಮದ ಡಾಕ್ಟರ್ ಹತ್ತಿರ ಕಳಿಸುತ್ತೇನೆ. ಮೆಡಿಕಲ್ ಶಾಪಿನಿಂದ ತಂದ "ಬೆಳ್ಳಗಾಗುವ" ಕ್ರೀಮ್ ವರ್ಷಗಟ್ಟಲೆ ಹಚ್ಚಿದವರಿಗೂ ಇದೇ ಮಾತು. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಚರ್ಮ ಆಗಲೇ ತೆಳುವಾಗಿರುತ್ತದೆ. ಟ್ಯೂಬನ್ನೂ ಜೊತೆಗೆ ತೆಗೆದುಕೊಂಡು ಹೋಗಿ ಅನ್ನುತ್ತೇನೆ.

ಮನೆಯಲ್ಲಿ ಮಾಡಿಕೊಳ್ಳುವವರಿಗೆ ನಾನು ಹೇಳಿ ಕಳಿಸುವುದು ಇಷ್ಟು. ಮೊದಲು ಕಿವಿಯ ಹಿಂದೆ ಹಚ್ಚಿ ಎರಡು ದಿನ ನೋಡಿ. ಆ್ಯಸಿಡ್ ರಾತ್ರಿ ಮಾತ್ರ, ಮರುದಿನ ಬೆಳಿಗ್ಗೆ ಎರಡು ಬೆರಳುದ್ದ ಸನ್‌ಸ್ಕ್ರೀನ್ ತಪ್ಪಿಸುವ ಹಾಗಿಲ್ಲ. ರೆಟಿನಾಲ್ (ವಿಟಮಿನ್ ಎ ಬಗೆಯದು) ಹಚ್ಚುವ ರಾತ್ರಿ ಆ್ಯಸಿಡ್ ಬೇಡ. ವ್ಯಾಕ್ಸಿಂಗ್, ಥ್ರೆಡಿಂಗ್, ಬ್ಲೀಚ್ ಆದ ಎರಡು ಮೂರು ದಿನ ಅಲ್ಲಿ ಬೇಡ. ಗಂಡಸರು ನೆನಪಿಡಿ, ದಿನಾ ಶೇವ್ ಮಾಡುವವರಿಗೆ ರೇಜರ್ರೇ ಸ್ಕ್ರಬ್. ನನ್ನ ತಮ್ಮ ಶೇವ್ ಮಾಡಿದ ಮೇಲೆ ಸ್ಕ್ರಬ್ ಉಜ್ಜಿ, ಆಫ್ಟರ್‌ಶೇವ್ ಸುರಿದು "ಉರೀತಿದೆ, ಅಂದ್ರೆ ಕೆಲಸ ಮಾಡ್ತಿದೆ" ಅನ್ನುತ್ತಿದ್ದ.

ನನ್ನ ಬಾಟಲಿ ಈಗಲೂ ಇದೆ. ನವೆಂಬರ್‌ನಲ್ಲಿ ಗಾಳಿ ಒಣಗಿದ ಕೂಡಲೇ ಕಪಾಟಿನ ಹಿಂದಿನ ಸಾಲಿಗೆ ಹೋಗುತ್ತದೆ, ಲ್ಯಾಕ್ಟಿಕ್ ಮುಂದೆ ಬರುತ್ತದೆ. ಬೇಸಿಗೆ ರಜೆಗೆ ತವರಿಗೆ ಹೊರಟಾಗ ಮಕ್ಕಳ ಬಟ್ಟೆಯ ನಡುವೆ ಸ್ಯಾಲಿಸಿಲಿಕ್ ಸುತ್ತಿಡುತ್ತೇನೆ. ಮಂಗಳೂರಲ್ಲಿ ಬಸ್ ಇಳಿಯುವಷ್ಟರಲ್ಲೇ ಮೂಗು ಹೊಳೆಯಲು ಶುರುವಾಗಿರುತ್ತದೆ.