ಚಾಮುಂಡಿ ಬೆಟ್ಟದಿಂದ ಮೈಸೂರು: ನಮ್ಮವ್ವನಿಗೆ ಊರು ತೋರಿಸಿದ್ದು ಹೀಗೆ

ನಮ್ಮೂರು ನಂಜನಗೂಡು ತಾಲ್ಲೂಕು, ಅಲ್ಲಿಂದ ನೋಡಿದ್ರೆ ಚಾಮುಂಡಿ ಬೆಟ್ಟದ ಬೆನ್ನು ಕಾಣತ್ತೆ. ನಮ್ಮವ್ವ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ಮೊದಲು ಆ ಕಡೆ ತಿರುಗಿ ಕೈ ಮುಗಿದೇ ಒಳಗೆ ಬರೋದು, ನನಗೆ ಬುದ್ಧಿ ಬಂದಾಗಿಂದ ನೋಡ್ತಾ ಇದೀನಿ. ತಾಯಿ ದರ್ಶನಕ್ಕೆ ಬೆಟ್ಟಕ್ಕೆ ಎಷ್ಟೋ ಸಲ ಹೋಗಿದ್ದಾಳೆ, ಆದ್ರೆ ಬಸ್ ಇಳಿಯೋದು, ಕ್ಯೂ ನಿಲ್ಲೋದು, ಪ್ರಸಾದ ತಗೊಂಡು ಮತ್ತೆ ಬಸ್ ಹತ್ತೋದು ಇಷ್ಟೇ. ಮೇಲೆ ನಿಂತ್ಕೊಂಡು ಮೈಸೂರನ್ನ ಒಂದ್ಸಲನೂ ಸರಿಯಾಗಿ ನೋಡಿರ್ಲಿಲ್ಲ. ಅದನ್ನ ತೋರಿಸ್ಬೇಕು ಅಂತ ನನಗೆ ಬಹಳ ಆಸೆ ಇತ್ತು.

ಮೊದಲ ಸಲ ಏಪ್ರಿಲ್‌ನಲ್ಲಿ ಕರ್ಕೊಂಡು ಹೋದೆ. ದರ್ಶನ ಮುಗಿಸಿ ವ್ಯೂ ಪಾಯಿಂಟ್‌ಗೆ ಬರೋಷ್ಟ್ರಲ್ಲಿ ಮಧ್ಯಾಹ್ನ 12 ದಾಟಿತ್ತು, ಕೆಳಗೆ ನೋಡಿದ್ರೆ ಎಲ್ಲಾ ಬೆಳ್ಳಗೆ ಮಬ್ಬು ಮಬ್ಬು, ಅರಮನೆ ಯಾವುದು ಛತ್ರ ಯಾವುದು ಗೊತ್ತಾಗಲ್ಲ. ಅವ್ವ ಸೆರಗು ಹಣೆಗೆ ಅಡ್ಡ ಹಿಡ್ಕೊಂಡು ಸ್ವಲ್ಪ ಹೊತ್ತು ನೋಡಿ "ಕಣ್ಣು ಕುಕ್ತದೆ ಕಣಪ್ಪ, ನಡಿ ಹೋಗವ" ಅಂದ್ಳು. ನನಗೆ ತುಂಬಾ ಬೇಜಾರಾಯ್ತು. ಆಮೇಲೆ ಸುಮಾರು ಒಂದು ವರ್ಷ, ಬಿಡುವು ಸಿಕ್ಕಾಗೆಲ್ಲ ನಾನೊಬ್ಬನೇ ಬೇರೆ ಬೇರೆ ಹೊತ್ತಲ್ಲಿ ಹೋಗಿ ನೋಡ್ದೆ.

ನನಗೆ ಅರ್ಥ ಆಗಿದ್ದು ಏನಂದ್ರೆ, ಬೆಟ್ಟ ಇರೋದು ಊರಿನ ಆಗ್ನೇಯಕ್ಕೆ. ಹಾಗಾಗಿ ಬೆಳಿಗ್ಗೆ ಸೂರ್ಯ ನಮ್ಮ ಬೆನ್ನ ಹಿಂದೆ ಇರ್ತಾನೆ, ಬಿಸಿಲು ನೇರ ಊರಿನ ಮೇಲೆ ಬೀಳತ್ತೆ, ಒಂದೊಂದು ಕಟ್ಟಡನೂ ಬಿಡಿಬಿಡಿಯಾಗಿ ಕಾಣತ್ತೆ. ಸಂಜೆ 4ರಿಂದ ಕತ್ತಲಾಗೋ ತನಕ ಸೂರ್ಯ ಎದುರಿಗೇ ಬರ್ತಾನೆ, ಸೂರ್ಯಾಸ್ತ ಚೆನ್ನಾಗಿರತ್ತೆ ಆದ್ರೆ ಊರು ಬರೀ ನೆರಳು. ಇನ್ನು ಗಾಳಿ. ಬೇಸಿಗೆಯಲ್ಲಿ ಧೂಳು, ಡಿಸೆಂಬರ್ ಜನವರಿ ಬೆಳಿಗ್ಗೆ ಮಂಜು. ರಾತ್ರಿ ಮಳೆ ಬಂದು ಬೆಳಿಗ್ಗೆ ಬಿಟ್ಟಿರತ್ತಲ್ಲ ಆ ದಿನ ಹೋಗಿ ನೋಡಿ, ತೊಳೆದಿಟ್ಟಂಗೆ ಇರತ್ತೆ ಊರು. ನಾನು ಅತ್ಯಂತ ಚೆನ್ನಾಗಿ ನೋಡಿದ್ದು ಸೆಪ್ಟೆಂಬರ್‌ನ ಅಂಥ ಒಂದು ಬೆಳಿಗ್ಗೆನೇ.

ಕಾಲಲ್ಲಿ ಶಕ್ತಿ ಇರೋರು ಮೆಟ್ಟಿಲು ಹತ್ತಿ, ಇದು ನನ್ನ ಖಡಾಖಂಡಿತ ಅಭಿಪ್ರಾಯ. ಸಾವಿರಕ್ಕೂ ಹೆಚ್ಚು ಮೆಟ್ಟಿಲು, ಕೆಳಗೆ ಪಾದದ ಹತ್ರ ಶುರು. ಬೆಳಿಗ್ಗೆ 6ಕ್ಕೆ ಹೊರಟ್ರೆ ಬೆಟ್ಟದ ನೆರಳೇ ಮೈ ಮೇಲಿರತ್ತೆ, ಬೆವರು ಕಮ್ಮಿ. ಹರಕೆ ಹೊತ್ತ ಹೆಣ್ಮಕ್ಳು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಕೊಂಡು ಬಗ್ಗಿ ಬಗ್ಗಿ ಹತ್ತುತ್ತಾ ಇರ್ತಾರೆ, ಅವರಿಗೆ ಜಾಗ ಬಿಟ್ಟು ಪಕ್ಕದಲ್ಲಿ ಹೋಗಿ. ಒಂದು 200 ಮೆಟ್ಟಿಲಿಗೊಂದ್ಸಲ ತಿರುಗಿ ನೋಡಿ, ಪ್ರತಿ ಸಲ ಊರು ಇನ್ನೊಂದು ಸ್ವಲ್ಪ ಅಗಲ ಆಗಿರತ್ತೆ. ಕಾರಲ್ಲಿ ಹೋದ್ರೆ ಇದು ಸಿಗಲ್ಲ. ಮುಕ್ಕಾಲು ದಾರಿ ಹತ್ತಿದ್ಮೇಲೆ ನಂದಿ, ದೊಡ್ಡ ದೇವರಾಜ ಒಡೆಯರ ಕಾಲದ್ದು, ಒಂದೇ ಕಲ್ಲಲ್ಲಿ ಕಡೆದಿರೋದು, ಅಲ್ಲಿ ಕೂತು ಸುಧಾರಿಸ್ಕೊಳ್ಳಿ. 2021ರ ಮಳೆಯಲ್ಲಿ ಈ ನಂದಿ ರಸ್ತೆ ಕುಸಿದು ಹೋಗಿತ್ತು, ಅದಾದ್ಮೇಲೆ ಆ ಇಳಿಜಾರು ನೋಡಿದಾಗೆಲ್ಲ ಬೆಟ್ಟದ ಮೇಲೆ ಇನ್ನೇನೂ ಕಟ್ಟೋದು ಬೇಡ ಅಂತ್ಲೇ ಅನ್ಸತ್ತೆ ನನಗೆ. ಕತ್ತಲಾದ್ಮೇಲೆ ಮಾತ್ರ ಮೆಟ್ಟಿಲು ಬೇಡ, ಕಾಡಲ್ಲಿ ಚಿರತೆ ಇದೆ. ಪ್ರಸಾದದ ಕವರ್ ಕೈಯಲ್ಲಿ ಆಡಿಸ್ಕೊಂಡು ಹೋದ್ರೆ ಕೋತಿ ಬಿಡಲ್ಲ, ಬ್ಯಾಗ್ ಒಳಗಿಡಿ. ಹತ್ತಕ್ಕಾಗ್ದೇ ಇರೋರಿಗೆ ಸಿಟಿ ಬಸ್ ಸ್ಟ್ಯಾಂಡಿಂದ 201 ಬಸ್ ಇದೆ. ಆಷಾಢ ಶುಕ್ರವಾರ ಊರು ನೋಡ್ಬೇಕು ಅಂತ ಹೋಗ್ಬೇಡಿ, ಅವತ್ತು ತಾಯಿ ದರ್ಶನಕ್ಕೆ ಬಂದಿರೋ ಜನಸಾಗರ.

ಇನ್ನು ನೋಡೋದು ಹೇಗೆ ಅಂತ. ಸುಮ್ನೆ ನಿಂತ್ರೆ ಬರೀ ತಾರಸಿ ಕಾಣೋದು, ಅದಕ್ಕೆ ನಾನು ಗುರುತು ಹಿಡ್ಕೊಂಡು ಹೋಗ್ತೀನಿ. ಮೊದಲು ಬಲಗಡೆ ಬೆಟ್ಟದ ಬುಡದ ಹತ್ರ ಬೆಳ್ಳಗೆ ಲಲಿತಮಹಲ್ ಹುಡುಕಿ, 1921ರಲ್ಲಿ ವೈಸ್‌ರಾಯ್ ಇಳ್ಕೊಳ್ಳೋಕೆ ಅಂತ ಕಟ್ಸಿದ್ದು, ಅದು ಯಾವ ಮಬ್ಬಲ್ಲೂ ತಪ್ಪಲ್ಲ. ಅಲ್ಲಿಂದ ಎಡಕ್ಕೆ ಬಂದ್ರೆ ಮೊಟ್ಟೆ ಆಕಾರದ ರೇಸ್ ಕೋರ್ಸ್, ಹತ್ರದಲ್ಲೇ ಕಾರಂಜಿ ಕೆರೆ, ಜೂ ಮರಗಳ ಹಸಿರು. ಆ ಹಸಿರು ದಾಟಿ ಸ್ವಲ್ಪ ಹಿಂದಕ್ಕೆ ಕಣ್ಣು ಹಾಯಿಸಿದ್ರೆ ಅರಮನೆ ಗುಮ್ಮಟ. ಅರಮನೆಗೆ ಮುಖ ಪೂರ್ವಕ್ಕೆ, ಹಾಗಾಗಿ ನಮಗೆ ಮುಂಭಾಗ ಓರೆಯಾಗಿ ಕಾಣತ್ತೆ. ಅದರಾಚೆ ಫಿಲೋಮಿನಾ ಚರ್ಚ್‌ನ ಎರಡು ಗೋಪುರ. ಇಷ್ಟು ಸಿಕ್ಕಿದ್ರೆ ಮಿಕ್ಕಿದ್ದನ್ನ, ನಿಮ್ಮ ಬೀದಿ ನಿಮ್ಮ ಸ್ಕೂಲು ಎಲ್ಲಾ, ನೀವೇ ಹುಡುಕ್ಕೋತೀರ.

ಆದ್ರೆ ಅವ್ವನಿಗೆ ಮಂಡಿ ನೋವು, ಮೆಟ್ಟಿಲು ಆಗಲ್ಲ, ಊರಿಂದ ಅಷ್ಟು ಬೆಳಿಗ್ಗೆ ಬರೋದೂ ಕಷ್ಟ. ಅದಕ್ಕೆ ದೀಪ ತೋರಿಸೋಣ ಅಂತ ತೀರ್ಮಾನ ಮಾಡ್ದೆ. ಭಾನುವಾರ ಮತ್ತೆ ಸರ್ಕಾರಿ ರಜೆ ದಿನ ಸಂಜೆ 7ಕ್ಕೆ ಅರಮನೆಗೆ ದೀಪ ಹಾಕ್ತಾರೆ, ಸುಮಾರು ಒಂದು ಲಕ್ಷ ಬಲ್ಬು, ಇರೋದು ಮುಕ್ಕಾಲು ಗಂಟೆ ಅಷ್ಟೇ. ಮೇ ತಿಂಗಳಲ್ಲಿ 7ಕ್ಕೆ ಇನ್ನೂ ಆಕಾಶದಲ್ಲಿ ಬೆಳಕಿರತ್ತೆ, ನವೆಂಬರ್‌ನಲ್ಲಿ ಅಷ್ಟೊತ್ತಿಗೆ ಪೂರ್ತಿ ಕತ್ತಲು. ನವೆಂಬರ್‌ನ ಒಂದು ಭಾನುವಾರ ಅಕ್ಕನ ಮಗನ ಕಾರಲ್ಲಿ ಹೋದ್ವಿ, 6ಕ್ಕೆಲ್ಲ ವ್ಯೂ ಪಾಯಿಂಟ್ ಸೇರ್ಕೊಂಡ್ವಿ, ತಡ ಆದ್ರೆ ಗಾಡಿ ನಿಲ್ಸಕ್ಕೆ ಜಾಗ ಸಿಗಲ್ಲ. ಅವ್ವನಿಗೆ ಶಾಲು ಹೊದಿಸಿ ಕಟ್ಟೆ ಮೇಲೆ ಕೂರಿಸ್ದೆ, ಮೇಲೆ ಗಾಳಿ ಜೋರು, ವಯಸ್ಸಾದವರಿಗೆ ಸ್ವೆಟರೋ ಶಾಲೋ ಮರೀಬೇಡಿ.

ಒಂದೊಂದೇ ಬೀದಿ ದೀಪ ಹತ್ತುತ್ತಾ ಬಂತು. 7 ಆಗ್ತಿದ್ದಂಗೆ ನಡುವೆ ಕಪ್ಪಗಿದ್ದ ಜಾಗದಲ್ಲಿ ಒಂದೇ ಏಟಿಗೆ ಅರಮನೆ ಬಂಗಾರದ ಬಣ್ಣದಲ್ಲಿ ಎದ್ದು ನಿಂತ್ತು, ಸುತ್ತ ಇದ್ದ ಜನ ಎಲ್ಲಾ ಹೋ ಅಂದ್ರು. ಅವ್ವ ಏನೂ ಅನ್ನಲಿಲ್ಲ, ಕೈ ಮುಗಿದ್ಳು. ಸ್ವಲ್ಪ ಹೊತ್ತಾದ್ಮೇಲೆ ಕೇಳಿದ್ಳು, "ನಿಮ್ಮಪ್ಪ ಕೆಲ್ಸ ಮಾಡ್ತಿದ್ದಿದ್ದು ಎಲ್ಲಿ ಮಗ?"

ಅಪ್ಪ ಅಶೋಕಪುರಂ ರೈಲ್ವೆ ವರ್ಕ್‌ಶಾಪಲ್ಲಿದ್ರು, ದಿನಾ ನಂಜನಗೂಡಿಂದ ರೈಲಲ್ಲೇ ಓಡಾಟ. ತೀರ್ಕೊಂಡು ಒಂಬತ್ತು ವರ್ಷ ಆಯ್ತು. ಅವ್ವನ ಕೈ ಹಿಡಿದು ಎಡಗಡೆಗೆ ತೋರಿಸ್ದೆ, ಅಲ್ಲಿ, ದೀಪ ಸ್ವಲ್ಪ ಕಮ್ಮಿ ಇರೋ ಕಡೆ ಅಂತ. ಅರಮನೆ ದೀಪ ಆರೋ ತನಕ ಅವ್ವ ಆ ಕಡೆಯೇ ನೋಡ್ತಾ ಇದ್ಳು. ಆಮೇಲೆ ದೂರದಲ್ಲಿ ಒಂದು ರೈಲು, ಕಿಟಕಿ ಬೆಳಕಿನ ಸಣ್ಣ ಸಾಲು, ನಿಧಾನಕ್ಕೆ ಹೋಗ್ತಿರೋದು ಕಾಣ್ತು.

"ಅದು ನಮ್ಮೂರ್ ಕಡೆಗೇ ಅಲ್ವ?" ಅಂದ್ಳು. ಹೂಂ ಅವ್ವ ಅಂದೆ.