ಸ್ಟ್ರೇನ್ ಗೇಜ್ ಲೆಕ್ಕ: ಪ್ಲೇನ್ ಸ್ಟ್ರೆಸ್ಸೋ, ಪ್ಲೇನ್ ಸ್ಟ್ರೇನೋ?

ಸ್ಟ್ರೇನ್ ಗೇಜ್ ಅಂದರೆ ವಸ್ತುವಿನ ಮೈಗೆ ಅಂಟಿಸಿ, ಅದು ಎಷ್ಟು ಹಿಗ್ಗಿತು, ಕುಗ್ಗಿತು (ಸ್ಟ್ರೇನ್) ಅಂತ ಅಳೆಯುವ ಪಟ್ಟಿ. ಅದರಿಂದ ಒಳಗಿನ ಬಲವನ್ನು (ಸ್ಟ್ರೆಸ್) ಲೆಕ್ಕ ಹಾಕುತ್ತೇವೆ. ಒಂದು ದಿಕ್ಕಿನಲ್ಲಿ ಸ್ಟ್ರೆಸ್ ಸೊನ್ನೆಯಾದರೆ ಪ್ಲೇನ್ ಸ್ಟ್ರೆಸ್, ಸ್ಟ್ರೇನ್ ಸೊನ್ನೆಯಾದರೆ ಪ್ಲೇನ್ ಸ್ಟ್ರೇನ್. ಸೂಪಾ ಅಣೆಕಟ್ಟಿನಂಥ ದಪ್ಪ ಕಾಂಕ್ರೀಟ್ ಕಂಡ ಕೂಡಲೇ ‘ಇದು ಪ್ಲೇನ್ ಸ್ಟ್ರೇನ್’ ಅಂದುಕೊಂಡು ಗೇಜ್ ರೀಡಿಂಗನ್ನೂ ಅದೇ ಸೂತ್ರಕ್ಕೆ ಹಾಕಿಬಿಡುವವರು ಜಾಸ್ತಿ. ಹಾಗೆ ಮಾಡಬೇಡಿ. ಗೇಜ್ ಅಂಟಿರುವುದು ಹೊರಮೈಗೆ. ಅಲ್ಲಿ ಗಾಳಿ ಬಿಟ್ಟರೆ ಬೇರೇನೂ ಒತ್ತುತ್ತಿಲ್ಲ, ಅಂದರೆ ಮೈಗೆ ಲಂಬವಾಗಿ ಸ್ಟ್ರೆಸ್ ಸೊನ್ನೆ. ತೆಳು ತಗಡಾಗಲಿ, 101 ಮೀಟರ್ ಎತ್ತರದ ಸೂಪಾ ಆಗಲಿ, ಗೇಜ್ ಇರುವ ಜಾಗದಲ್ಲಿ ಪ್ಲೇನ್ ಸ್ಟ್ರೆಸ್ಸೇ.

ಹಾಗಾದರೆ ಪ್ಲೇನ್ ಸ್ಟ್ರೇನ್ ಎಲ್ಲಿಂದ ಬಂತು? ಉದ್ದದಿಂದ. ಎರಡೂ ತುದಿ ಬಿಗಿಯಾಗಿ ಹಿಡಿದಿದ್ದರೆ ಆ ದಿಕ್ಕಿನಲ್ಲಿ ಹಿಗ್ಗಲು ಜಾಗವಿಲ್ಲ, ಸ್ಟ್ರೇನ್ ಸೊನ್ನೆ. ಆದರೆ ಅದು ಗೇಜ್ ಅಂಟಿಸಿದ ಮೈಯಲ್ಲೇ ಹಾಯುವ ದಿಕ್ಕು, ಲಂಬ ದಿಕ್ಕಲ್ಲ. ಗೊಂದಲ ಹುಟ್ಟುವುದು ಇಲ್ಲೇ.

ನಾಗಝರಿ ಪವರ್ ಹೌಸ್‌ನಂಥ ಕಡೆ ಇರುವ, ಟರ್ಬೈನಿಗೆ ನೀರು ತರುವ ಉಕ್ಕಿನ ದೊಡ್ಡ ಪೈಪ್, ಅಂದರೆ ಪೆನ್‌ಸ್ಟಾಕ್ ತಗೊಳ್ಳಿ. ಹೊರಗಡೆ ಸುತ್ತಳತೆಯ ದಿಕ್ಕಿಗೆ ಒಂದು, ಉದ್ದಕ್ಕೆ ಒಂದು ಗೇಜ್ ಹಾಕಿ. ಸುತ್ತಿನ ಸ್ಟ್ರೇನಿಗೆ ಉದ್ದದ ಸ್ಟ್ರೇನಿನ 0.3 ಪಾಲು ಕೂಡಿಸಿ (0.3 ಉಕ್ಕಿನ ಪಾಯ್ಸನ್ ಅನುಪಾತ, ಅಂದರೆ ಒಂದು ಕಡೆ ಹಿಗ್ಗಿದಾಗ ಅಡ್ಡಕ್ಕೆ ಕುಗ್ಗುವ ಪಾಲು), ಉಕ್ಕಿನ ಸ್ಥಿತಿಸ್ಥಾಪಕ ಗುಣಾಂಕವಾದ 200 ಗಿಗಾಪಾಸ್ಕಲ್‌ನಿಂದ ಗುಣಿಸಿ, 0.91ರಿಂದ (1ರಲ್ಲಿ 0.3ರ ವರ್ಗ ಕಳೆದದ್ದು) ಭಾಗಿಸಿ. ಸುತ್ತಿನ ಸ್ಟ್ರೆಸ್ ಸಿಕ್ಕಿತು. ಉದ್ದದ್ದು ಬೇಕಾದರೆ ಎರಡನ್ನೂ ಅದಲುಬದಲು ಮಾಡಿ, ಅಷ್ಟೇ.

ಈಗ ಸುತ್ತಿನಲ್ಲಿ 500 ಮೈಕ್ರೋಸ್ಟ್ರೇನ್ (ಹತ್ತು ಲಕ್ಷಕ್ಕೆ 500 ಪಾಲು ಹಿಗ್ಗು) ಬಂತು ಅನ್ನಿ. ಉದ್ದದ ಗೇಜ್ ಸೊನ್ನೆ ತೋರಿಸಿದರೆ ಪೈಪ್ ಉದ್ದಕ್ಕೆ ಬಿಗಿದುಕೊಂಡಿದೆ: ಸುತ್ತಿನ ಸ್ಟ್ರೆಸ್ 110 ಮೆಗಾಪಾಸ್ಕಲ್, ಉದ್ದದ್ದು 33. ಮೈನಸ್ 150 ತೋರಿಸಿದರೆ ಅದು ಸಲೀಸಾಗಿ ಸರಿಯುತ್ತಿದೆ (ಎಕ್ಸ್‌ಪ್ಯಾನ್ಷನ್ ಜಾಯಿಂಟ್ ಕೆಲಸ ಮಾಡುತ್ತಿದೆ ಅಂತ), ಆಗ 100 ಮತ್ತು ಸೊನ್ನೆ. ಸೂತ್ರ ಎರಡಕ್ಕೂ ಒಂದೇ, ನೋಡಿ. ಅದು ಬಿಟ್ಟು ಮೈಗೆ ಲಂಬವಾಗಿ ಸ್ಟ್ರೇನ್ ಸೊನ್ನೆ ಅಂತ ಪ್ಲೇನ್ ಸ್ಟ್ರೇನ್ ಸೂತ್ರ ಹಾಕಿದರೆ ಮೊದಲನೆಯದಕ್ಕೆ 135 ಬರುತ್ತದೆ. ಸುಮ್ನೆ 25 ಮೆಗಾಪಾಸ್ಕಲ್ ಎಲ್ಲಿಂದಲೋ ಬಂದು ಕೂತಿತು, ಅಲ್ವಾ?

ರೀಡಿಂಗನ್ನು ಬಿಸಿಲೇರುವ ಮೊದಲೇ ತಗೊಳ್ಳಿ, ಶುರುವಿನಲ್ಲಿ ಗೇಜಿಗೆ ಸೊನ್ನೆ ಹಾಕಿದ್ದೂ ಹೆಚ್ಚುಕಮ್ಮಿ ಅದೇ ತಾಪಮಾನದಲ್ಲಿರಲಿ. ಬಿಗಿದ ಉಕ್ಕು 10 ಡಿಗ್ರಿ ಕಾದರೂ ಉದ್ದಕ್ಕೆ ಸುಮಾರು 24 ಮೆಗಾಪಾಸ್ಕಲ್ ಒತ್ತುವ ಸ್ಟ್ರೆಸ್ ಹುಟ್ಟುತ್ತದೆ, ಆಗ ಮೇಲಿನ ಸೊನ್ನೆ ಪರೀಕ್ಷೆಯನ್ನು ನಂಬುವ ಹಾಗಿಲ್ಲ. ಮುಖ್ಯ ದಿಕ್ಕುಗಳೇ (ಸ್ಟ್ರೆಸ್ ಅತಿ ಹೆಚ್ಚು, ಅತಿ ಕಮ್ಮಿ ಇರುವ ದಿಕ್ಕುಗಳು) ಗೊತ್ತಿಲ್ಲದ ಕಡೆ, ಅಂದರೆ ಬೆಂಡ್ ಅಥವಾ ಕವಲಿನ ಹತ್ತಿರ, ಮೂರು ದಿಕ್ಕಿಗೆ ಮೂರು ಗೇಜ್ ಇರುವ ರೋಸೆಟ್ ಬೇಕು.

ಇನ್ನು ನೀರಿನಲ್ಲಿ ಮುಳುಗಿದ ಮುಖ. ಅಲ್ಲಿ ಲಂಬ ಸ್ಟ್ರೆಸ್ ಸೊನ್ನೆಯಲ್ಲ. 100 ಮೀಟರ್ ನೀರಿನಡಿ ಸುಮಾರು 1 ಮೆಗಾಪಾಸ್ಕಲ್ ಒತ್ತುತ್ತದೆ. ಉಕ್ಕಿನ ಲೆಕ್ಕದಲ್ಲಿ ಅದನ್ನು ಬಿಟ್ಟರೂ ನಡೆಯುತ್ತದೆ. ಕಾಂಕ್ರೀಟಿನಲ್ಲಿ ಬಿಡಬೇಡಿ, ಪಾಯ್ಸನ್ ಅನುಪಾತ 0.2 ಅಂತ ಹಿಡಿದರೆ ನೀರಿನ ಒತ್ತಡದ ಕಾಲು ಭಾಗವನ್ನು ಎರಡೂ ಸ್ಟ್ರೆಸ್‌ಗಳಿಂದ ಕಳೆಯಿರಿ.